ಭಾವನ ದಿನಕ್ಕೊಂದು ಪುಟ

"ನಿಲ್ಲಿಸಿಬಿಡಿ ಭಾವ," ಎಂದಳು ಅವಳು, ಊಟದ ಡಬ್ಬಿಯ ಮುಚ್ಚಳ ಒತ್ತುತ್ತಲೇ. "ಇನ್ನು ಬರೀಬೇಡಿ. ನನ್ನ ಕೈಲಾಗಲ್ಲ."

ಇಷ್ಟು ನೇರವಾಗಿ ಹೇಳುವ ಇರಾದೆ ಅವಳಿಗಿರಲಿಲ್ಲ. ಆದರೆ ಸಹನೆಗೂ ಒಂದು ತಳವಿರುತ್ತದಲ್ಲ. ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಗಂಡನ ಅಣ್ಣ, ನಿವೃತ್ತರಾದ ಮರುದಿನವೇ ಬರಹಗಾರರಾಗಿಬಿಟ್ಟಿದ್ದರು. ಬೆಳಿಗ್ಗೆ ಆರರಿಂದ ಏಳರವರೆಗೆ ಒಂದು ಪುಟ, ಒಂದೇ ಮಗ್ಗುಲು. ಏಳೂ ಹತ್ತಕ್ಕೆ ಮೇಲಿನ ಮನೆಯಿಂದ ಚಪ್ಪಲಿ ಬಡಿಸುತ್ತ ಇಳಿದು, ಒಲೆಯ ಮುಂದಿದ್ದವಳ ಕೈಗೆ ಅದನ್ನು ತುರುಕುತ್ತಿದ್ದರು. ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ತಮ್ಮನ ಹೆಂಡತಿ ಮನೆಯಲ್ಲೇ ಇರುವಾಗ ಇನ್ನಾರಿಗೆ ತೋರಿಸಬೇಕು? ಜೊತೆಗೆ ಒಂದು ಉಪದೇಶ ಬೇರೆ: ದಿನಾ ಸೇದದ ಬಾವಿ ಪಾಚಿ ಕಟ್ಟುತ್ತಮ್ಮ, ನೀನೂ ದಿನಾ ಕಥೆ ಬರೆಯೋಕೆ ಕೂರು. ಏಳು ತಿಂಗಳು ಅವಳು ಹಲ್ಲು ಕಚ್ಚಿಕೊಂಡು ತಿದ್ದಿದ್ದಳು. ಆ ದಿನದ ಪುಟದಲ್ಲಿ ಮೀಟರಿನ ಚಕ್ರ ವಿರಹಿಣಿಯ ಹೃದಯದಂತೆ ತಿರುಗುತ್ತಿತ್ತು.

ಭಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಮರುದಿನ ಏಳೂ ಹತ್ತಕ್ಕೆ ಚಪ್ಪಲಿಯ ಸದ್ದು ಬರಲಿಲ್ಲ. ಅಬ್ಬಾ, ಒಂದು ಪೀಡೆ ಕಳೆಯಿತು ಎಂದುಕೊಂಡಳು. ಇನ್ನಾದರೂ ತನ್ನ ಹನ್ನೆರಡನೆಯ ಕಥೆ ಮುಗಿಸಬಹುದು. ಹನ್ನೊಂದು ಕಥೆಗಳು ಪ್ರಕಾಶಕರ ಬಳಿ ಆಗಲೇ ಹೋಗಿ ಕೂತಿದ್ದವು. ತಿಂಗಳ ಕೊನೆಗೆ ಇನ್ನೊಂದು ಬಾರದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೆ ಎಂದು ಅವರು ಫೋನಿನಲ್ಲಿ ಎರಡು ಸಲ ಹೇಳಿದ್ದರು. ಮುಂದಿನ ವರ್ಷ ಎನ್ನುವುದು ಯಾವತ್ತೂ ಬರುವುದಿಲ್ಲ ಎಂಬುದು ಅಚ್ಚಿನ ಮನೆಯವಳಾದ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಐದಕ್ಕೆ ಎದ್ದು ಕೂತಳು. ಮೇಜನ್ನು ಗೋಡೆಗೆ ತಿರುಗಿಸಿದಳು, ಕಿಟಕಿಗೆ ತಿರುಗಿಸಿದಳು. ಹೊಸ ನೋಟ್‌ಬುಕ್ ತಂದಳು. ಫೋನನ್ನು ಬಟ್ಟೆಗಳ ಕೆಳಗೆ ಹೂತಿಟ್ಟಳು, ಆಮೇಲೆ ಪ್ರಕಾಶಕರು ಕರೆದರೇನು ಗತಿ ಎಂದು ತಾನೇ ಹೊರತೆಗೆದಳು. ಒಂಬತ್ತು ದಿನವಾದರೂ ಒಂದು ಸಾಲು ಹುಟ್ಟಲಿಲ್ಲ. ಹತ್ತನೆಯ ದಿನ, ಮೊದಲಿನ ಹನ್ನೊಂದನ್ನು ಹೇಗೆ ಬರೆದೆ ಎಂದು ನೋಡಲು ಹಳೆಯ ಕರಡುಗಳ ಕಟ್ಟು ಬಿಚ್ಚಿದಳು. ಹನ್ನೊಂದೂ ಭಾವ ವಾಪಸ್ ಕೇಳದೆ ಬಿಟ್ಟ ಹಾಳೆಗಳ ಬೆನ್ನಿನ ಮೇಲೆ ಹುಟ್ಟಿದ್ದವು. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ತಿದ್ದುತ್ತ ಕೂತಾಗ ಅವರ ಒಂದು ವಾಕ್ಯಕ್ಕೆ ಮೈಯೆಲ್ಲ ಉರಿದು, ಹೀಗಲ್ಲ, ಹೀಗೆ ಎಂದು ಹಾಳೆ ಮಗುಚಿ ಗೀಚಿದ್ದಳು. ಆ ಸಾಲು ಇನ್ನೊಂದನ್ನು ಎಳೆದುಕೊಂಡು ಬಂದಿತ್ತು, ಅದು ಮತ್ತೊಂದನ್ನು. ಏಳು ತಿಂಗಳು, ಒಂದು ದಿನವೂ ತಪ್ಪಿರಲಿಲ್ಲ. ಎಂಥಾ ಕರ್ಮ ಎಂದು ಹಣೆ ಚಚ್ಚಿಕೊಂಡಳು.

ಕೆಂಪು ಪೆನ್ನು ಹಿಡಿದು ಮೆಟ್ಟಿಲು ಹತ್ತಿದಳು. ಭಾವ ಖಾಲಿ ಮೇಜಿನ ಮುಂದೆ ಕೂತಿದ್ದರು. ಅವತ್ತೇನೋ ಸಿಟ್ಟಿನಲ್ಲಿ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಏನಾದರೂ ಬರೆದಿದ್ದರೆ ಕೊಡಿ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಬಿಟ್ಟೆನಮ್ಮ, ನೀನು ಹೇಳಿದ್ದೇ ಸರಿ ಎಂದರು ಅವರು. ಅವಳು ಹೋಗದೆ ನಿಂತದ್ದು ಕಂಡು, ಹಿಂಜರಿಯುತ್ತ ಡ್ರಾಯರ್ ಎಳೆದರು. ಬಿಟ್ಟ ಮರುದಿನ ಬರೆದದ್ದು, ಅರ್ಧ ಪುಟ ಅಷ್ಟೇ.

ಹಸಿದವಳ ಹಾಗೆ ಕಸಿದುಕೊಂಡು ಓದಿದಳು.

"ಮೂವತ್ತು ವರ್ಷ ಬಾಗಿಲು ತಟ್ಟಿದೆ. ತೆಗೆದವರು ನನ್ನ ಮುಖ ನೋಡಲಿಲ್ಲ, ಮೀಟರ್ ಇದ್ದ ಕಡೆ ಕೈ ತೋರಿಸಿದರು. ನಾನು ಬರೆದದ್ದನ್ನು ಓದಿದವಳು ಒಬ್ಬಳೇ. ಅವಳು ಸಾಕು ಅಂದಳು. ಇವತ್ತೂ ಆರಕ್ಕೆ ಎಚ್ಚರವಾಯಿತು. ಏನು ಮಾಡುವುದೆಂದು ತಿಳಿಯದೆ ಎರಡು ಸಲ ಹಲ್ಲುಜ್ಜಿದೆ."

ಅವಳು ಇನ್ನೊಮ್ಮೆ ಓದಿದಳು. ಪೆನ್ನಿನ ತುದಿ ಹಾಳೆಯ ಮೇಲೆ ಅತ್ತಿಂದಿತ್ತ ಸುಳಿದು, ಇಳಿಯಲು ಜಾಗ ಸಿಗದೆ ನಿಂತಿತು. ಒಂದು ಅಕ್ಷರ ತೆಗೆಯುವಂತಿರಲಿಲ್ಲ, ಒಂದು ಅಕ್ಷರ ಸೇರಿಸುವಂತಿರಲಿಲ್ಲ. ಮೈ ಉರಿಯಲಿಲ್ಲ. ತಿಂಗಳು ಮುಗಿಯಲು ಆರು ದಿನವಿತ್ತು.

"ಹೇಗಿದೆಯಮ್ಮ?"

ಅವಳು ಅವರ ಮುಖ ನೋಡದೆ ಹಾಳೆಯನ್ನೇ ನೋಡಿದಳು.

"ಸಪ್ಪೆಯಾಯ್ತು ಭಾವ," ಎಂದಳು. "ನಿಮ್ಮದು ಅನ್ನಿಸ್ತಾನೇ ಇಲ್ಲ."

"ನನಗೂ ಹಾಗೇ ಅನ್ನಿಸಿತ್ತು ನೋಡು," ಎಂದರು ಅವರು, ದೊಡ್ಡ ಭಾರ ಇಳಿದವರಂತೆ. "ಒಂದು ಹೋಲಿಕೆ ಸಹ ಹೊಳೀಲಿಲ್ಲ ಆವತ್ತು. ಆ ಪೆನ್ನು ಕೊಡಿಲ್ಲಿ."

ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಆ ಅರ್ಧ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರು. ಹೊಸ ಹಾಳೆ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಬರೆಯತೊಡಗಿದರು. ಪೆನ್ನು ಕಾಗದದ ಮೇಲೆ ಪರಪರ ಓಡುವ ಸದ್ದು ಕೇಳುತ್ತ ಅವಳು ಬಾಗಿಲಲ್ಲೇ ನಿಂತಳು. ಹತ್ತು ದಿನದಲ್ಲಿ ಮೊದಲ ಬಾರಿಗೆ ಅವಳ ತಲೆಯೊಳಗೆ ಒಂದು ವಾಕ್ಯ ಎದ್ದು ಕೂತಿತು. ಒಳ್ಳೆಯ ವಾಕ್ಯ.