ಮುದಿ ಕುಸ್ತಿಪಟುವಿನ ಕತ್ತು

ಗೊಂಬೆಚಿತ್ರದ ತರಗತಿಯಿಂದ ರೋಕೆ ತಿನ್ನಲು ಟೋರ್ತಾ ಬನ್ನು ತರಲು ಕೆಳಗಿಳಿದ ಕೂಡಲೇ ಸಹಪಾಠಿ ಯೆಸೇನಿಯಾ ಅವನ ಮೇಜಿನ ಬಳಿ ಹೋಗಿ, ಮಣ್ಣಿನ ಕುಸ್ತಿಪಟುವಿನ ಕತ್ತನ್ನು ಹೆಬ್ಬೆರಳಿನಿಂದ ಅದುಮಿಬಿಟ್ಟಳು. ಗೊಂಬೆಯನ್ನು ಕೂದಲೆಳೆಯಷ್ಟು ಕದಲಿಸಿ ಒಂದು ಫೋಟೊ, ಮತ್ತೆ ಕದಲಿಸಿ ಇನ್ನೊಂದು. ಹೀಗೆ ಮೂರು ವಾರದಿಂದ ಅವನು ಒಂದೇ ದೃಶ್ಯ ತೆಗೆಯುತ್ತಿದ್ದ. ಕೊನೆಯ ಕುಸ್ತಿ ಸೋತ ಮುದುಕ ಕನ್ನಡಿಯ ಮುಂದೆ ಕೂತು, ಕುಸ್ತಿಯಲ್ಲಿ ತೊಟ್ಟ ಮುಖವಾಡ ಕಳಚುತ್ತಾನೆ, ಅಷ್ಟೇ.

ಬೆಳಿಗ್ಗೆ ಕನ್ಸ್ವೇಲೊ ಟೀಚರ್ ಇಡೀ ತರಗತಿಯ ಎದುರು ಅಂದಿದ್ದರು: "ಯೆಸೇನಿಯಾ, ನಿನ್ನ ಗೊಂಬೆ ನಡೆಯುತ್ತೆ. ರೋಕೆಯ ಮುದುಕ ಉಸಿರಾಡ್ತಾನೆ ಕಣೇ." ಆಗಿನಿಂದ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.

ಮರಳಿ ಬಂದ ರೋಕೆಗೆ ಗೊಂಬೆಯ ಕತ್ತು ಕುಸಿದದ್ದು ಬಾಗಿಲಲ್ಲೇ ಕಂಡಿತು. ಕೈಲಿದ್ದ ಪೊಟ್ಟಣವನ್ನು ಅಲ್ಲೇ ಇಟ್ಟು ಮೇಜಿಗೆ ಓಡಿದ. ಎಷ್ಟು ಕೆಟ್ಟಿದೆಯೆಂದು ತಿಳಿಯಲು ಹಾಗೆಯೇ ಒಂದು ಫೋಟೊ ತೆಗೆದು, ದೃಶ್ಯವನ್ನು ಓಡಿಸಿ ನೋಡಿದ. ಮುಖವಾಡದ ದಾರ ಬಿಚ್ಚುತ್ತಿದ್ದ ಮುದುಕನ ತಲೆ ಇದ್ದಕ್ಕಿದ್ದಂತೆ ಎದೆಗೆ ಬಿತ್ತು. ರೋಕೆ ಇನ್ನೊಮ್ಮೆ ಓಡಿಸಿದ.

"ಮೂರು ವಾರದಿಂದ ಇವನನ್ನ ಮೆಲ್ಲಗೆ ಸೋಲಿಸ್ತಿದ್ದೆ," ಎಂದ. "ಸೋಲು ಬರೋದು ಹೀಗೇ, ಒಮ್ಮೆಲೇ ಅಲ್ವಾ? ಯಾರು ಮುಟ್ಟಿದ್ದು?"

"ನಾನೇ. ಹಾಳಾಗ್ಲಿ ಅಂತಾನೇ ಮುಟ್ಟಿದ್ದು."

ರೋಕೆ ತನ್ನ ಕುರ್ಚಿ ಪಕ್ಕಕ್ಕೆಳೆದು ಜಾಗ ಬಿಟ್ಟ.

"ಹಾಗಾದ್ರೆ ಮುಂದಿನ ಫೋಟೊನೂ ನೀನೇ ಹಾಳು ಮಾಡು, ಬಾರೇ ಕಡ್ಡಿ ಹುಡುಗಿ."

ಯೆಸೇನಿಯಾ ಗೊಂಬೆಯತ್ತ ಕೈ ಚಾಚಿದಳು. ಈ ಮುದುಕ ತಾನು ಮಾಡಿದವನಾಗಿರಬೇಕಿತ್ತು ಎಂದು ಅವಳಿಗೆ ಇನ್ನೂ ಅನಿಸುತ್ತಿತ್ತು.