ದ್ಯಾಮಣ್ಣ ಮೈಕು ಹಿಡಿದ ಸಂಜೆ

ಬೆಟಗೇರಿಯ ವಾರ್ಡ್ ಸಭೆಯಲ್ಲಿ ಮೈಕು ಹಿಡಿದವರ ಮೈನೋವು ಕೇಳುವವರೆಲ್ಲರ ಮೈಗೂ ಬರುತ್ತಿತ್ತು. ಅದಕ್ಕೇ ಅಲ್ಲಿ ಯಾರೂ ಉದ್ದ ಭಾಷಣ ಬಿಗಿಯುತ್ತಿರಲಿಲ್ಲ. ಆ ಸಂಜೆ ಗಂಗವ್ವಜ್ಜಿ ಬೀದಿದೀಪದ ಬಗ್ಗೆ ಮಾತಾಡಿ ಕೂತಾಗ ಜನ ಅವಳ ನೋವು ಬಂದಿದ್ದ ತಮ್ಮ ಮೊಣಕಾಲು ಉಜ್ಜಿಕೊಂಡು ಚಪ್ಪಾಳೆ ತಟ್ಟಿದರು.

ಮುಂದಿನ ವಿಷಯ, ಬಸ್ ಸ್ಟಾಪನ್ನು ಹೆದ್ದಾರಿಗೆ ಸಾಗಿಸುವುದು. ಬಹುತೇಕರು ಒಪ್ಪಿದ್ದರು. ಅಷ್ಟರಲ್ಲಿ ಅನಸವ್ವನ ಪಕ್ಕದಲ್ಲಿದ್ದ ಗಂಡ ದ್ಯಾಮಣ್ಣ ಎದ್ದು ಮುಂದೆ ಹೋದ. ಅವಳಿಗೆ ಆಶ್ಚರ್ಯ. ಮಗ್ಗದ ಕೆಲಸ ಮಾಡುವ ಆತ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವನಲ್ಲ. ಕೇಳಿದರೆ "ನಂದೇನೈತಿ ಹೇಳೂದು" ಎಂದು ನಕ್ಕುಬಿಡುತ್ತಿದ್ದ.

"ನಮ್ಮಾಕಿ ಆಸ್ಪತ್ರಿ ಡ್ಯೂಟಿ ಮುಗಿಸಿ ಕತ್ತಲದಾಗ ಬರ್ತಾಳ್ರಿ. ಹೆದ್ದಾರಿಂದ ಒಬ್ಬಾಕಿನ ನಡಕೊಂಡು..."

ಅನಸವ್ವನ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದಂತಾಯಿತು. ಇಡೀ ಸಭೆಯೇ "ಅಯ್ಯೋ" ಎಂದಿತು. ಈ ನೋವು ಇಟ್ಟುಕೊಂಡೇ ಈತ ದಿನಾ ಹೆಂಡತಿ ಏಳುವ ಮೊದಲು ನೀರು ಹೊತ್ತು ತರುತ್ತಿದ್ದನೇ?

ಹೆಂಡತಿಯ ಮುಖ ಕಂಡು ದ್ಯಾಮಣ್ಣ ಮೈಕು ಕೆಳಗಿಡಲು ಹೋದ. ಅನಸವ್ವ ಕುರ್ಚಿ ಹಿಡಿದುಕೊಂಡು ಎದ್ದು ನಿಂತಳು.

"ಇಡಬ್ಯಾಡ್ರಿ. ಪೂರಾ ಹೇಳ್ರಿ, ನಾ ತಡಕೊಂತೀನಿ."

"ನಾವೂ ತಡಕೊಂತೀವಿ, ಹೇಳೋ ಯಪ್ಪಾ," ಎಂದಳು ಗಂಗವ್ವಜ್ಜಿ, ಸೊಂಟ ಒತ್ತಿಕೊಳ್ಳುತ್ತಾ.

ಆತ ಪೂರಾ ಹೇಳಿದ. ಬಸ್ ಸ್ಟಾಪ್ ಇದ್ದಲ್ಲೇ ಉಳಿಯಿತು.

ಮನೆ ಕಡೆ ನಡೆಯುವಾಗ ಅನಸವ್ವ ಕೇಳಿದಳು: "ಇಷ್ಟು ನೋವಿತ್ತು. ಮೊದಲ ಮೈಕು ಹಿಡದು ಮಾತಾಡಿದ್ರ ನನಗರ ತಿಳೀತಿತ್ತಲ್ರಿ?"

"ನಿನಗೂ ನೋವಾಗ್ತಿತ್ತಲ್ಲ."

"ಆಗ್ಲಿ ಬಿಡ್ರಿ. ನಾಳೆ ನನ್ನ ಜೋಡಿ ಆಸ್ಪತ್ರಿಗೆ ಬರ್ರಿ," ಎಂದು ಅವಳು ಆತನ ತೋಳು ಹಿಡಿದು, ಆತನಷ್ಟೇ ನಿಧಾನವಾಗಿ ಹೆಜ್ಜೆ ಹಾಕಿದಳು.