ಚೆಲುವಯ್ಯ ಬಿಟ್ಟ ಜಾಗ

ಪುಟ್ಟತಾಯಮ್ಮ ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ತೀರಿಹೋದ ಗಂಡ ಚೆಲುವಯ್ಯ ಹಳೇ ಕಂಪ್ಯೂಟರಿನೊಳಗಿಂದ ಎಂದಿನಂತೆ ಮಾತಾಡುತ್ತಿದ್ದ. ತೀರಿಹೋದವರು ಎಲ್ಲರ ಮನೆಯಲ್ಲೂ ಹೀಗೆಯೇ ಇರುತ್ತಿದ್ದರು. ಇವರ ಕಂಪ್ಯೂಟರಿನಲ್ಲಿ ಮಾತ್ರ ಮೆಮೊರಿ ಸಾಲದು. ಅವನು ಎಚ್ಚರವಿದ್ದರೆ ಬೇರೇನೂ ತೆರೆಯದು. ಮಲಗಿಸಿದರೆ ಮತ್ತೆ ಏಳುತ್ತಾನೋ ಇಲ್ಲವೋ ಎಂಬ ಭಯಕ್ಕೆ, ಅವನು ಅದರೊಳಗೆ ಬರುವ ಮೊದಲು ಅವಳು ತನ್ನ ರಾತ್ರಿಶಾಲೆಯ ಲಲಿತಾ ಟೀಚರಿಗೆ ಬರೆದ ಕಾಗದ ಆರು ವರ್ಷದಿಂದ ಕಳಿಸದೆ ಅದರಲ್ಲೇ ಉಳಿದಿತ್ತು.

"ಟೀಚರಿಗೆ ತೊಂಬತ್ತಾಯ್ತು ಕಣೇ. ನೀನು ಅಕ್ಷರ ಕಲಿಯಕ್ಕೆ ಹೋದಾಗ ಮನೇಲಿ ಮುದ್ದೆ ತೊಳಸ್ದೋನು ನಾನು. ಈಗೂ ಒಂದು ಗಳಿಗೆ ಜಾಗ ಬಿಡ್ತೀನಿ, ಮಲಗ್ಸು."

"ಬರೀ ಗಂಟು ಆ ಮುದ್ದೇಲಿ," ಎನ್ನುತ್ತ ಅವಳು ಕೈ ಒರೆಸಿಕೊಂಡು ಅವನನ್ನು ಮಲಗಿಸಿದಳು.

ಕಾಗದ ತೆರೆಯಿತು. ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: "ನನ್ನನ್ನು ನಿಮ್ಮಲ್ಲಿಗೆ ಕಳಿಸಿದವರೇ ಇದನ್ನೂ ಕಳಿಸುತ್ತಿದ್ದಾರೆ." ಆಮೇಲೆ ಕಳುಹಿಸಿದಳು.